‘ನಮ್ಮ ಹದ್ದಿನೊಳಗ ಬರಂಗಿಲ್ಲ’ ಅಂದ್ರ ಎದ್ದು ಬರಬ್ಯಾಡ್ರಿ

ಧಾರವಾಡ ಕೋರ್ಟಿನೊಳಗ ಕ್ರಿಮಿನಲ್ ಕೇಸ್ ನಡಸೂ ವಕೀಲಳು ನಾನು. ಅತ್ಯಾಚಾರದ ಕೇಸಿನ್ಯಾಗ ಮನಿಮಂದಿ ನಮ್ಮತ್ರ ಬರೂದ್ರೊಳಗ ಬಹಳ ಸಲ ಮೊದಲ ದಿನಾನ ಕೈಬಿಟ್ಟು ಹೋಗಿರ್ತೈತಿ. ಘಟನೆ ಗದಗದಾಗ ಆಗಿರ್ತೈತಿ, ಹುಡುಗಿ ಹೆದರ್ಕೊಂಡು ಬಸ್ ಹತ್ತಿ ಹುಬ್ಬಳ್ಳಿಗೆ ಅಕ್ಕನ ಮನಿಗೆ ಬಂದಿರ್ತಾಳ, ಇಲ್ಲಿ ಸ್ಟೇಷನ್ನಿಗೆ ಹೋದ್ರ ‘ಗದಗಕ್ಕ ಹೋಗ್ರಿ, ಇದು ನಮ್ಮ ಹದ್ದಿನೊಳಗ ಬರಂಗಿಲ್ಲ’ ಅಂತಾರ, ಇವ್ರು ಸುಮ್ಮನ ಎದ್ದು ಬರ್ತಾರ.

ಬರಬ್ಯಾಡ್ರಿ. 2024ರ ಜುಲೈ 1ಕ್ಕ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಜಾಗಕ್ಕ ಬಂದ ಕಾನೂನು) 173ನೇ ಕಲಂ ಪ್ರಕಾರ ಘಟನೆ ಎಲ್ಲೇ ಆಗಿರ್ಲಿ, ಯಾವ ಸ್ಟೇಷನ್ನಿನ್ಯಾಗಾದ್ರೂ ದೂರು ತಗೋಳಾಕಬೇಕು, ಜೀರೋ ಎಫ್‌ಐಆರ್ ಅಂತಾರಲ್ಲ ಅದ ಇದು. ಹೇಳಿಕೆ ಮಹಿಳಾ ಅಧಿಕಾರಿನ ಬರ್ಕೋಬೇಕು, ಕಾಪಿ ಫ್ರೀ ಕೊಡಬೇಕು. ಇಂಥ ದೂರು ತಗೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆ (ಹಳೇ ಐಪಿಸಿ ಜಾಗಕ್ಕ ಬಂದದ್ದು) 199ನೇ ಕಲಂ ಕೆಳಗ ಕನಿಷ್ಠ 6 ತಿಂಗಳು, ಹೆಚ್ಚಂದ್ರ 2 ವರ್ಷ ಕಠಿಣ ಸಜಾ ಐತಿ. ಈ ಸಜಾ ಹೊಸದೂ ಅಲ್ಲ, 2012ರ ದಿಲ್ಲಿ ಸಾಮೂಹಿಕ ಅತ್ಯಾಚಾರ ಆದ್ಮ್ಯಾಲೆ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟು 2013ರಾಗ ಕಾನೂನು ತಿದ್ದಿದಾಗ್ಲೆ ಬಂದದ್ದು, ಆದ್ರೂ ಇವತ್ತಿಗೂ ನಾವು ಬಾಯಿಬಿಟ್ಟು ಹೇಳಬೇಕಾಗ್ತೈತಿ ಅನ್ನೂದ ನನಗ ಸಂಕಟ.

ಮೊದ್ಲ ದವಾಖಾನಿಗೆ ಹೋದ್ರೂ ನಡೀತೈತಿ. ಸರ್ಕಾರಿ ಇರ್ಲಿ ಪ್ರೈವೇಟ್ ಇರ್ಲಿ, ಎಫ್‌ಐಆರ್ ತರ್ರಿ ಅನ್ನಂಗಿಲ್ಲ, ಫ್ರೀ ಟ್ರೀಟ್‌ಮೆಂಟ್ ಕೊಟ್ಟು ಪೊಲೀಸರಿಗೆ ಅವ್ರ ತಿಳಸ್ಬೇಕು. ಹುಡುಗಿಗೆ ಮೊದ್ಲ ಲೈಂಗಿಕ ಸಂಬಂಧ ಇತ್ತೇನು ಅಂತ ನೋಡಾಕ ಡಾಕ್ಟರ್ ಎರಡು ಬೆರಳಿನ ಪರೀಕ್ಷೆ ಮಾಡಿದ್ರ ಅದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಾಗ ಹೇಳೈತಿ. ಆವತ್ತು ಹಾಕ್ಕೊಂಡಿದ್ದ ಬಟ್ಟಿ ಒಗಿಬ್ಯಾಡ್ರಿ, ಹಸಿ ಇದ್ರ ನೆರಳಾಗ ಆರಸಿ ಪೇಪರಿನ್ಯಾಗ ಸುತ್ತಿಡ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಿದ್ರ ಬೂಷ್ಟು ಬಂದು ಡಿಎನ್‌ಎ ಕೆಡ್ತೈತಿ.

‘ಮೇಡಂ, ಬಟ್ಟಿ ಒಗದ್ಬಿಟ್ಟೀನ್ರಿ, ಇನ್ನ ಕೇಸ್ ನಿಲ್ಲಂಗಿಲ್ಲೇನ್ರಿ?’ ಅಂತ ನವಲಗುಂದ ಕಡೆಯ ತಾಯಿ ಒಬ್ರು ನನ್ನ ಮುಂದ ಕುಂತು ಅತ್ತಿದ್ರು. ನಿಲ್ತೈತಿ ಯವ್ವಾ ಅಂದೆ. ಸಂತ್ರಸ್ತೆಯ ಮಾತು ನಂಬೂಹಂಗ ಇದ್ರ ಅದೊಂದ ಸಾಕ್ಷಿ ಸಾಕು, ಮರ್ಯಾದಿಗೆ ಅಂಜಿ ದೂರು ತಡ ಆದ್ರೂ ಅಷ್ಟಕ್ಕ ಕೇಸ್ ಬೀಳಂಗಿಲ್ಲ ಅಂತ 1996ರಾಗ ಗುರ್ಮಿತ್ ಸಿಂಗ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳೈತಿ. ಆಕಿ ಹಿಂದ ಎಂಥಾಕಿ ಇದ್ಳು ಅಂತ ಪಾಟೀಸವಾಲಿನ್ಯಾಗ ಕೆದಕೂದಕ್ಕೂ ಅವಕಾಶ ಇಲ್ಲ.

ಇನ್ನ ವಾಟ್ಸಾಪ್ ಗ್ರೂಪಿನವ್ರು. ಹುಡುಗಿ ಹೆಸರು, ಫೋಟೋ, ‘ನ್ಯಾಯ ಸಿಗಲಿ’ ಅಂತ ಬರದು ಹಾಕಿದ್ರೂ ನ್ಯಾಯ ಸಂಹಿತೆ 72ನೇ ಕಲಂ ಕೆಳಗ ಅಪರಾಧನ, 2 ವರ್ಷದ ತನಕ ಜೈಲು. ಸತ್ತವ್ರಿಗೂ ಇದು ಅನ್ವಯ ಆಗ್ತೈತಿ.

ಎಲ್ಲಾ ಸರಿ ಆಗೇತಿ ಅಂತ ನಾ ಹೇಳಂಗಿಲ್ಲ. ಗಂಡ ಬಲವಂತ ಮಾಡಿದ್ರ, ಹೆಂಡ್ತಿಗೆ 18 ತುಂಬಿದ್ರ, ಅದನ್ನ ಹೊಸ ನ್ಯಾಯ ಸಂಹಿತೆನೂ ಅತ್ಯಾಚಾರ ಅನ್ನಂಗಿಲ್ಲ. ‘ಅಸ್ವಾಭಾವಿಕ’ ಲೈಂಗಿಕ ಕೃತ್ಯಕ್ಕ ಇದ್ದ ಹಳೇ ಐಪಿಸಿ 377ನೇ ಕಲಂ ತಗದ್ಮ್ಯಾಲೆ ವಯಸ್ಕ ಗಂಡಸಿನ ಮ್ಯಾಲೆ ಇಂಥದ್ದು ಆದ್ರ ಅದಕ್ಕಂತ ಕಲಂನ ಇಲ್ಲ. ಎರಡೂ ತಿದ್ದಲೇಬೇಕು.

ವಕೀಲರ ಫೀಸಿಗೆ ಹೆದರಬ್ಯಾಡ್ರಿ, ಆದಾಯ ಎಷ್ಟ ಇರ್ಲಿ ಹೆಣ್ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಫ್ರೀ ವಕೀಲರನ್ನ ಕೊಡ್ತೈತಿ, 15100ಕ್ಕ ಫೋನ್ ಹಚ್ರಿ. ಕೇಸ್ ಮುಗಿಯೂದಕ್ಕಿಂತ ಮೊದ್ಲ ಮಧ್ಯಂತರ ಪರಿಹಾರಕ್ಕೂ ಅಲ್ಲೇ ಅರ್ಜಿ ಕೊಡಬಹುದು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗ ಪೊಲೀಸರು ತಾವಾಗಿ ತಿಳಸ್ಬೇಕು, ತಿಳಸ್ಲಿಲ್ಲ ಅಂದ್ರ ಬರವಣಿಗೆಯಾಗ ಕೇಳಿ ಸ್ವೀಕೃತಿ ಇಸ್ಕೊಳ್ರಿ.