ಹೆಸರು ತೆಗೆದ ಮೇಲೆ ಉಳಿಯುವ ಕಾಲಂಗಳು

ಆರೋಗ್ಯ ಸಂಶೋಧನೆಯ ಪ್ರಸ್ತಾವನೆಗಳು, ಭಾಗವಹಿಸುವವರ ಹಿತ ಕಾಯಲು ಅವನ್ನು ಪರಿಶೀಲಿಸುವ ನೈತಿಕ ಸಮಿತಿಯ ಮುಂದೆ ಬಂದಾಗ, ಗೋಪ್ಯತೆಯ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಭಾಗವಹಿಸಿದವರ ಹೆಸರನ್ನು ಬಹಿರಂಗಪಡಿಸುವುದಿಲ್ಲ.’ ಸಮಿತಿಯಲ್ಲಿ ಕುಳಿತ ನಾನು ಅಲ್ಲೇ ಪೆನ್ನು ಊರಿ ಕೇಳುತ್ತೇನೆ, ಹೆಸರು ತೆಗೆದ ಮೇಲೆ ಏನೇನು ಉಳಿಯುತ್ತದೆ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಕ್ಷಯರೋಗದ ಅಧ್ಯಯನ ನಡೆದಿದೆ ಎಂದಿಟ್ಟುಕೊಳ್ಳಿ. ಎಕ್ಸೆಲ್ ಹಾಳೆಯಲ್ಲಿ ಹೆಸರಿಲ್ಲ. ಹೆಣ್ಣು, 34 ವರ್ಷ, ವಿಧವೆ, ದುಡಿಯಲು ಪುಣೆಗೆ ಹೋಗಿ ಬಂದವರು, ಮಾತ್ರೆಯನ್ನು ನಡುವೆಯೇ ಬಿಟ್ಟವರು ಎಂದಷ್ಟೇ ಇದೆ. ತಾಂಡಾದಲ್ಲಿ 600 ಜನ ಎನ್ನಿ. ಹೆಂಗಸರು ಸುಮಾರು 300. ಅವರಲ್ಲಿ ಮೂವತ್ತರಿಂದ ಮೂವತ್ತೈದರೊಳಗಿನವರು ಇಪ್ಪತ್ತು, ಇಪ್ಪತ್ತೈದು ಮಂದಿ. ಅವರಲ್ಲಿ ವಿಧವೆಯರು ಒಬ್ಬರೋ ಇಬ್ಬರೋ. ಕಿರಾಣಿ ಅಂಗಡಿಯವನೂ ಆಕೆ ಯಾರೆಂದು ಹೇಳಿಬಿಡುತ್ತಾನೆ. ಆಮೇಲೆ ಆಕೆಯನ್ನು ತೊಗರಿ ಕಟಾವಿಗೆ ಯಾರೂ ಕರೆಯುವುದಿಲ್ಲ, ಮನೆಯ ಹುಡುಗಿಗೆ ಬಂದ ಸಂಬಂಧ ಹಿಂದೆ ಸರಿಯುತ್ತದೆ.

ದೊಡ್ಡ ಊರುಗಳಲ್ಲೂ ಇದು ನಡೆದಿದೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧನೆಗೆ ಬಿಡಲಾಯಿತು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅದನ್ನು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರರಿಂದಲೇ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಹುಡುಕಿ ತೆಗೆದರು. ನಮ್ಮ ಮತದಾರರ ಪಟ್ಟಿಯಲ್ಲೂ ವಯಸ್ಸು, ಮನೆ ಸಂಖ್ಯೆ, ಗಂಡನ ಅಥವಾ ತಂದೆಯ ಹೆಸರು ಎಲ್ಲ ಇದೆ.

ಆದ್ದರಿಂದ ನಾವು ಹೇಳುವುದು ಇಷ್ಟು: 34 ಎನ್ನುವ ಬದಲು 30–39 ಎಂದು ಬರೆಯಿರಿ, ಊರಿನ ಬದಲು ತಾಲ್ಲೂಕು ಸಾಕು, ಕೋಷ್ಟಕದ ಒಂದು ಚೌಕದಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಚೌಕದೊಂದಿಗೆ ಸೇರಿಸಿ. ಎಲ್ಲ ಕಡೆ ಇದು ಸಾಧ್ಯವಿಲ್ಲ, ಒಪ್ಪುತ್ತೇನೆ. ಕುಡಿಯುವ ನೀರಿನ ಫ್ಲೋರೈಡ್ ಬಗ್ಗೆ ಅಧ್ಯಯನ ಮಾಡುವವರಿಗೆ ಊರೇ ಮುಖ್ಯ. ಅಲ್ಲಿ ಊರನ್ನು ಇಟ್ಟುಕೊಂಡು ಜಾತಿ, ವೈವಾಹಿಕ ಸ್ಥಿತಿ, ಕಸುಬುಗಳನ್ನು ಬಿಡಬೇಕು. ಫ್ಲೋರೈಡ್‌ನಿಂದಾಗುವ ಹಲ್ಲಿನ ಕಲೆಗೂ ಜಾತಿಗೂ ಏನು ಸಂಬಂಧ ಎಂದು ಕೇಳಿದರೆ ‘ಫಾರಂನಲ್ಲಿ ಇತ್ತು ಸರ್’ ಎಂಬ ಉತ್ತರ ಬರುತ್ತದೆ. ಹಳೆಯ ಫಾರಂ ನಕಲು ಮಾಡುವ ಚಟದಿಂದ ಆಗುವ ಅನಾಹುತ ಹ್ಯಾಕರ್‌ಗಳಿಂದಲೂ ಆಗುವುದಿಲ್ಲವೇನೋ.

ಸಂದರ್ಶನ ಆಧಾರಿತ ಅಧ್ಯಯನಗಳದು ಇನ್ನೂ ಸೂಕ್ಷ್ಮ. ‘ಔರಾದ್ ತಾಲ್ಲೂಕಿನ ಇಂಥ ಊರಿನ ಆರೋಗ್ಯ ಉಪಕೇಂದ್ರದ ಶುಶ್ರೂಷಕಿ ಹೇಳಿದಂತೆ’ ಎಂದು ಬರೆದು ಅದರ ಕೆಳಗೆ ಆಕೆ ಮೇಲಧಿಕಾರಿಯ ಬಗ್ಗೆ ಆಡಿದ ಮಾತನ್ನು ಹಾಕಿದರೆ, ಆ ಉಪಕೇಂದ್ರದಲ್ಲಿ ಇರುವುದೇ ಒಬ್ಬರಾದಾಗ, ಸಹಿ ಮಾಡಿಸಿ ಕೊಟ್ಟಂತೆಯೇ ಸರಿ. ಧ್ವನಿಮುದ್ರಣವೂ ಗುರುತೇ. ಬರಹಕ್ಕಿಳಿಸಿ, ತಾಳೆ ನೋಡಿ, ಅಳಿಸಿಬಿಡಬೇಕು.

ಸೋರಿಕೆ ಹೆಚ್ಚಾಗಿ ಆಗುವುದು ವಾಟ್ಸ್‌ಆ್ಯಪ್‌ನಲ್ಲಿ. ಭರ್ತಿ ಮಾಡಿದ ಫಾರಂನ ಫೋಟೊ ತಂಡದ ಗುಂಪಿಗೆ ಹೋಗುತ್ತದೆ, ಗುಂಪಿನ ಪ್ರತಿ ಮೊಬೈಲ್‌ನಲ್ಲೂ ಉಳಿಯುತ್ತದೆ, ಆ ಮೊಬೈಲ್‌ನಲ್ಲಿ ಮಕ್ಕಳು ಆಟ ಆಡುತ್ತಾರೆ. ಹೆಸರಿಗೆ ಬದಲಾಗಿ ಸಂಕೇತ ಸಂಖ್ಯೆ ಕೊಟ್ಟ ತಂಡಗಳೂ ಸಂಖ್ಯೆ ಮತ್ತು ಹೆಸರಿನ ಹೊಂದಾಣಿಕೆ ಪಟ್ಟಿಯನ್ನು ಅದೇ ಕಡತದ ಎರಡನೇ ಹಾಳೆಯಲ್ಲಿ ಇಡುತ್ತವೆ! ಆ ಪಟ್ಟಿ ಬೇರೆ ಕಡೆ, ಬೀಗದೊಳಗೆ, ಒಬ್ಬರ ಹೊಣೆಯಲ್ಲಿ ಇರಬೇಕು. ಓದಲು ಬಾರದವರಿಂದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಪಡೆಯುವಾಗ ತಂಡಕ್ಕೆ ಸೇರದ ಸಾಕ್ಷಿ ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆ ಸಾಕ್ಷಿ ಹೆಬ್ಬೆಟ್ಟು ಒತ್ತಿದಾಕೆಯ ಅತ್ತೆಯೇ ಆದರೆ ಯಾವ ಗೋಪ್ಯತೆ ಉಳಿಯಿತು ಎಂದು ಯಾರೂ ಯೋಚಿಸುವುದಿಲ್ಲ.

ಕಾನೂನಿನ ಕೊರತೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೈತಿಕ ಮಾರ್ಗಸೂಚಿಯೂ, ಎಚ್‌ಐವಿ ಕಾಯ್ದೆಯೂ ಬಂದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಆದರೆ ಷರತ್ತಿನ ಮೇಲೆ: ನಿಗದಿತ ಮಾನದಂಡ ಪಾಲಿಸಬೇಕು, ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು.

ಈ ಕೊನೆಯ ಷರತ್ತು ನಮ್ಮ ಭಾಗದಲ್ಲಿ ಬೇಗ ಪರೀಕ್ಷೆಗೆ ಬೀಳುತ್ತದೆ. ಸಮೀಕ್ಷೆ ಮುಗಿದ ವಾರದೊಳಗೆ ಪಂಚಾಯಿತಿಯವರು ಬಂದು, ‘ಕಾಯಿಲೆ ಇದ್ದವರ ಪಟ್ಟಿ ಕೊಡಿ, ಸೌಲಭ್ಯ ಮಾಡಿಸಿ ಕೊಡುತ್ತೇವೆ’ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ ಇರುತ್ತದೆ, ಊರಿನವರನ್ನು ಎದುರು ಹಾಕಿಕೊಳ್ಳುವ ಮನಸ್ಸೂ ತಂಡಕ್ಕೆ ಇರುವುದಿಲ್ಲ. ಆದರೂ ಪಟ್ಟಿ ಕೊಡಬಾರದು. ಆ ಸೌಲಭ್ಯದ ಅರ್ಜಿಯನ್ನು ತಂಡವೇ ಪಡೆದು, ಕಾಯಿಲೆ ಇರಲಿ ಬಿಡಲಿ, ಸಮೀಕ್ಷೆಗೆ ಒಳಪಟ್ಟ ಪ್ರತಿ ಮನೆಗೂ ಹಂಚಲಿ. ಅರ್ಜಿ ಹಾಕುವುದು, ಬಿಡುವುದು ಆ ಮನೆಯವರಿಗೆ ಬಿಟ್ಟದ್ದು.