ಅಯೋಡಿನ್, ಇಟ್ರಿಯಂ, ಲುಟೀಶಿಯಂ: ಪ್ರತಿಕಾಯಕ್ಕೆ ಯಾವುದು ಹೊಂದುತ್ತದೆ?

ಕ್ಯಾನ್ಸರ್ ಕೋಶವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಕ್ಕೆ, ಆ ಕೋಶವನ್ನು ಕೊಲ್ಲಲೆಂದು ವಿಕಿರಣ ಸೂಸುವ ಐಸೊಟೋಪ್ ಜೋಡಿಸುವ ಮಾತು ಬಂದರೆ ಎಲ್ಲರೂ ಮೊದಲು ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ನೋಡುತ್ತಾರೆ. ಅದಕ್ಕೂ ಮುಂಚೆ ನೋಡಬೇಕಾದ್ದು, ಆ ಪ್ರತಿಕಾಯ ಕೋಶದ ಮೇಲ್ಮೈಯಲ್ಲೇ ಉಳಿಯುತ್ತದೋ, ಒಳಗೆ ಹೋಗುತ್ತದೋ ಎಂಬುದನ್ನು.

ಒಳಗೆ ಹೋಗುವುದಾದರೆ ನೇರವಾಗಿ ಅಂಟಿಸಿದ ಅಯೋಡಿನ್-131 ಬೇಡ. ಪ್ರತಿಕಾಯದ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಸಲೀಸಾಗಿ ಕೂರುತ್ತದೆ, ನಿಜ. ಆದರೆ ಕೋಶದೊಳಗೆ ಪ್ರೋಟೀನ್ ಚೂರಾದ ಮೇಲೆ ಕಳಚಿ ರಕ್ತಕ್ಕೆ ಮರಳುತ್ತದೆ, ಥೈರಾಯ್ಡ್ ಸೇರುತ್ತದೆ. ಥೈರಾಯ್ಡ್ ಕಾಯುವ ಪೊಟಾಸಿಯಂ ಅಯೋಡೈಡನ್ನು ಡೋಸಿಗೆ ಕನಿಷ್ಠ 24 ಗಂಟೆ ಮೊದಲೇ ಶುರುಮಾಡುವುದು ಇದಕ್ಕೇ. ಲಿಂಫೋಮಾ ಎಂಬ ರಕ್ತಕೋಶಗಳ ಕ್ಯಾನ್ಸರಿನಲ್ಲಿ ಕೋಶದ ಮೇಲ್ಮೈಯಲ್ಲಿರುವ ಸಿಡಿ20 ಪ್ರೋಟೀನ್ ಅಷ್ಟಾಗಿ ಒಳಗೆ ಹೋಗದ ಗುರಿ. ಅಲ್ಲಿ ಅಯೋಡಿನ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಸಿಡಿ20ಗೆ ಅಂಟುವ, ಅಯೋಡಿನ್-131 ಜೋಡಿಸಿದ ಟೋಸಿಟುಮೊಮ್ಯಾಬ್ ಔಷಧಿ 2014ರಲ್ಲಿ ನಿಂತದ್ದು ಮಾರಾಟ ಕುಸಿದಿದ್ದರಿಂದ.

ಇಟ್ರಿಯಂ-90ರ ಬೀಟಾ ಕಣ ಅಂಗಾಂಶದಲ್ಲಿ ಸುಮಾರು 11 ಮಿ.ಮೀ. ತನಕ ಸಾಗುತ್ತದೆ. ದೊಡ್ಡ ಗಡ್ಡೆಗೆ ಸರಿ, ಸಾಸಿವೆಯಷ್ಟು ಗಂಟಿಗೆ ಶಕ್ತಿಯೆಲ್ಲ ಆಚೆಗೇ ಪೋಲು. ಅರ್ಧಾಯು 64 ಗಂಟೆ. ಇಡೀ ಪ್ರತಿಕಾಯ ಗಡ್ಡೆಯಲ್ಲಿ ತುಂಬಿಕೊಳ್ಳಲು ಎರಡು ಮೂರು ದಿನ ಬೇಕು; ಅಷ್ಟರಲ್ಲಿ ಅರ್ಧ ಖಾಲಿ, ಅದರ ಪೆಟ್ಟು ಬಹುಪಾಲು ಅಸ್ಥಿಮಜ್ಜೆಗೆ. ಲುಟೀಶಿಯಂ-177ಕ್ಕೆ 6.65 ದಿನ, 2 ಮಿ.ಮೀ. ವ್ಯಾಪ್ತಿ. 208 ಕೆಇವಿ (ಶಕ್ತಿಯ ಅಳತೆ) ಗಾಮಾ ಕಿರಣ ಇರುವುದರಿಂದ ಔಷಧಿ ಎಲ್ಲಿ ಸೇರಿತೆಂದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಮುಂಬೈಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ಐಸೊಟೋಪಿನ ಪೆಟ್ಟಿಗೆ ಒಂದು ದಿನ ತಡವಾದರೆ ಇಟ್ರಿಯಂ 23% ಕರಗಿರುತ್ತದೆ, ಲುಟೀಶಿಯಂ 10%. ಬೆಂಗಳೂರಿನಲ್ಲಿ ಹೊಸದಾಗಿ ಶುರುಮಾಡುವವರಿಗೆ ಲುಟೀಶಿಯಂ ಎನ್ನಲು ಇಷ್ಟು ಸಾಕು.

ಕೆಡುವುದು ಹೆಚ್ಚಾಗಿ ಲೇಬಲಿಂಗ್‌ನಲ್ಲಿ, ಅಂದರೆ ಐಸೊಟೋಪನ್ನು ಜೋಡಿಸುವಾಗ. ಲೋಹವನ್ನು ಹಿಡಿದಿಡುವ ಅಣುವಿಗೆ ಕೀಲೇಟರ್ ಎನ್ನುತ್ತಾರೆ; ಡೋಟಾ ಅಂಥದ್ದೊಂದು. ಡೋಟಾ ಜೋಡಿಸಿದ ಪೆಪ್ಟೈಡನ್ನು (ಪುಟ್ಟ ಪ್ರೋಟೀನ್ ತುಣುಕನ್ನು) 90 ಡಿಗ್ರಿಗೆ ಕಾಯಿಸುವ ರೂಢಿ ಇದೆ. ಪ್ರತಿಕಾಯವನ್ನು ಹಾಗೆ ಕಾಯಿಸಿದರೆ ಗಂಟುಕಟ್ಟುತ್ತದೆ. ಅಮೋನಿಯಂ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಪಿಎಚ್ 5.5 ಆಸುಪಾಸು, 37ರಿಂದ 42 ಡಿಗ್ರಿ, ಒಂದು ಗಂಟೆ: ಶುರುಮಾಡಲು ಇದು ಸಾಕು. ಒಂದು ಪ್ರತಿಕಾಯಕ್ಕೆ ಇರುವುದೇ ಎರಡು ನಾಲ್ಕು ಕೀಲೇಟರ್. ಬಫರಿನಲ್ಲಿ ಕಬ್ಬಿಣ, ಸತುವಿನ ಸುಳಿವಿದ್ದರೂ ಅವೇ ಜಾಗ ಹಿಡಿಯುತ್ತವೆ, ಆದ್ದರಿಂದ ಬಫರನ್ನು ಲೋಹ ಹೀರುವ ಚೆಲೆಕ್ಸ್ ರಾಳದಲ್ಲಿ ಹಾಯಿಸಿ, ಲೋಹದ ಸೂಜಿ ದೂರವಿಡಿ. ಲುಟೀಶಿಯಂ-176ರಿಂದ ತಯಾರಾದ 177ರಲ್ಲಿ ವಿಕಿರಣವಿಲ್ಲದ ಲುಟೀಶಿಯಂ ಉಳಿದಿರುತ್ತದೆ, ಅದೂ ಪೈಪೋಟಿಗೆ ಇಳಿಯುತ್ತದೆ.

ಕೊನೆಗೆ ಡಿಟಿಪಿಎ ಎಂಬ ಇನ್ನೊಂದು ಕೀಲೇಟರ್ ಹಾಕಿ ಬಿಡಿ ಲುಟೀಶಿಯಂ ಹಿಡಿಯಿರಿ, ಇಲ್ಲವಾದರೆ ಅದು ಮೂಳೆ ಸೇರುತ್ತದೆ. ಟಿಎಲ್‌ಸಿ (ದ್ರಾವಕ ಏರಿದಂತೆ ಬಿಡಿ ಲೋಹವನ್ನು ಬೇರ್ಪಡಿಸುವ) ಪಟ್ಟಿಯಲ್ಲಿ ಶುದ್ಧತೆ 95% ದಾಟಿತೆಂದು ನಂಬಿ ಕೂರಬೇಡಿ: ಗಂಟುಕಟ್ಟಿದ ಪ್ರತಿಕಾಯವೂ ಒಳ್ಳೆಯದರಂತೆ ಶುರುವಿನ ಗೆರೆಯಲ್ಲೇ ನಿಲ್ಲುತ್ತದೆ. ದ್ರಾವಣವನ್ನು ಒತ್ತಡದಲ್ಲಿ ಹಾಯಿಸಿ ಅಣುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಎಚ್‌ಪಿಎಲ್‌ಸಿ ಮಾತ್ರ ಅದನ್ನು ಹಿಡಿಯುತ್ತದೆ. ಅಲ್ಲೂ ಶುದ್ಧವಾಗಿದ್ದು ಗುರಿಗೆ ಅಂಟುತ್ತಿಲ್ಲವೆಂದರೆ, ಮುಂದಿನ ಬ್ಯಾಚಿನಲ್ಲಿ ಕೀಲೇಟರ್ ಕಡಿಮೆ ಮಾಡಿ ನೋಡಿ.