ಹೀಟ್ ಪಂಪ್ ಎಷ್ಟು ಟನ್ ಇರಬೇಕು? ದೊಡ್ಡದೇ ತಗೊಂಡರೆ ಒಳ್ಳೇದಲ್ವಾ?

ಪ್ರಶ್ನೆ: ಮನೆಗೆ ಹೀಟ್ ಪಂಪ್ ಹಾಕಿಸಬೇಕು ಅಂತಿದ್ದೇವೆ. ಚಳಿಗೆ ಬಿಸಿ, ಸೆಕೆಗೆ ತಂಪು, ಎರಡೂ ಒಂದರಲ್ಲೇ ಆಗಲಿ ಅಂತ. ಲೆಕ್ಕ ಹಾಕಿದವರು ಒಂದೂವರೆ ಟನ್ ಸಾಕು ಅನ್ನುತ್ತಾರೆ. ಮನೆಯವರೆಲ್ಲ ಮೂರು ಟನ್ನೇ ಇರಲಿ, ಸೇಫ್ ಅನ್ನುತ್ತಿದ್ದಾರೆ. ದೊಡ್ಡದು ತಗೊಂಡರೆ ನಷ್ಟವೇನೂ ಇಲ್ಲವಲ್ಲ?

ಉತ್ತರ: ಇದೆ. ಒಂದೂವರೆಯದ್ದೇ ತಗೊಳ್ಳಿ.

ಇಷ್ಟಕ್ಕೇ ಪೆನ್ನು ಮುಚ್ಚಿಡಬಹುದಿತ್ತು. ಆದರೆ ಹೀಗೆ ಒಂದು ಸಾಲಲ್ಲಿ ಉತ್ತರ ಕೊಟ್ಟಾಗಲೆಲ್ಲ ಅದೇ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ಮತ್ತೆ ಬರುತ್ತದೆ. ‘ನಮ್ಮದು ಮೂಲೆ ಮನೆ, ಆದ್ರೂ?’ ‘ನಮ್ಮಲ್ಲಿ ನೆಂಟರು ಜಾಸ್ತಿ, ಆದ್ರೂ?’ ‘ಮುಂದೆ ಮಹಡಿ ಕಟ್ಟಿಸ್ತೀವಿ, ಆದ್ರೂ?’ ಹಾಗಾಗಿ ಈ ಸಲ ಬುಡದಿಂದ ಹೇಳಿಬಿಡುತ್ತೇನೆ.

ಟನ್ ಅಂದರೆ ಯಂತ್ರದ ತೂಕ ಅಲ್ಲ. ನಗಬೇಡಿ, ಹಾಗೆ ಅಂದುಕೊಂಡವರು ಇದ್ದಾರೆ. ತಂಪು ಮಾಡಲು ಮಂಜುಗಡ್ಡೆಯನ್ನೇ ನಂಬಿದ್ದ ಕಾಲದಿಂದ ಉಳಿದುಕೊಂಡ ಅಳತೆ ಇದು. ಸುಮಾರು 907 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿ ನೀರಾಗಬೇಕಾದರೆ ಎಷ್ಟು ವೇಗದಲ್ಲಿ ಶಾಖ ಹೀರಬೇಕೋ ಆ ವೇಗವೇ ಒಂದು ಟನ್. ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಥವಾ ಸುಮಾರು 3.5 ಕಿಲೋವಾಟ್. ಇದು ಸಾಗಿಸುವ ಶಾಖದ ಲೆಕ್ಕ, ಎಳೆಯುವ ಕರೆಂಟಿನದ್ದಲ್ಲ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುತ್ತದೆ. ಸಿಒಪಿ 3 ಅಂತ ಬರೆದಿದ್ದರೆ 1 ಯೂನಿಟ್ ಕರೆಂಟಿಗೆ 3 ಯೂನಿಟ್ ಶಾಖ ಒಳಗೆ ಬರುತ್ತದೆ ಅಂತ ಅರ್ಥ. ಬೇಸಿಗೆಯಲ್ಲಿ ಒಳಗಿನದನ್ನು ಹೊರಗೆ ಸಾಗಿಸುತ್ತದೆ, ಚಳಿಗಾಲದಲ್ಲಿ ಹೊರಗಿನದನ್ನು ಒಳಗೆ. ದಿಕ್ಕು ಬದಲಿಸುವುದು ನಾಲ್ಕು ದಾರಿಯ ಒಂದು ವಾಲ್ವ್. ಅದೊಂದು ಇಲ್ಲದಿದ್ದರೆ ಇದು ಮಾಮೂಲಿ ಎಸಿ.

ಈಗ ಆ ‘ಸೇಫ್’ ವಿಷಯಕ್ಕೆ ಬರೋಣ.

ದೊಡ್ಡ ಯಂತ್ರ ಆರಾಮಾಗಿ ಓಡುತ್ತದೆ, ಚಿಕ್ಕದು ಏದುಸಿರು ಬಿಡುತ್ತದೆ ಅನ್ನುವುದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಲಾರಿಯ ಲೆಕ್ಕ ಅದು. ಲಾರಿಗೆ ಇವತ್ತಿನ ಹೊರೆ ಎಷ್ಟೇ ಇರಲಿ, ಮೆಲ್ಲಗೆ ಓಡಿಸಬಹುದು. ಹೀಟ್ ಪಂಪಿಗೆ ಆ ಸೌಲಭ್ಯ ಅರ್ಧ ಮಾತ್ರ ಇದೆ. ಒಂದು ಮಟ್ಟಕ್ಕಿಂತ ಕೆಳಗೆ ಅದು ಮೆಲ್ಲಗೆ ಓಡಲಾರದು. ಆಮೇಲೆ ನಿಲ್ಲುವುದೊಂದೇ ದಾರಿ.

ಸಣ್ಣ ಲೆಕ್ಕ ಮಾಡೋಣ. ಹೊರಗೆ ಮೈನಸ್ 5 ಡಿಗ್ರಿ ಇದ್ದಾಗ ಒಳಗೆ 20 ಇಟ್ಟುಕೊಳ್ಳಲು ಒಂದು ಮನೆಗೆ 5 ಕಿಲೋವಾಟ್ ಶಾಖ ಬೇಕು ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 25 ಡಿಗ್ರಿ. ಅಂದರೆ ಡಿಗ್ರಿಗೆ 200 ವಾಟ್. ಹೊರಗೆ 10 ಡಿಗ್ರಿ ಇರುವ ದಿನ ವ್ಯತ್ಯಾಸ 10, ಬೇಕಾಗುವ ಶಾಖ 2 ಕಿಲೋವಾಟ್. ಬಿಸಿಲು, ಅಡುಗೆ, ಮನೆಯೊಳಗಿನ ಜನ ಕೊಡುವ ಬಿಸಿಯನ್ನು ಕಳೆದರೆ ಇನ್ನೂ ಕಡಿಮೆ. ಮೈನಸ್ 5ರ ರಾತ್ರಿಗಳು ಬೆರಳೆಣಿಕೆಯಷ್ಟು, ಉಳಿದ ದಿನಗಳೆಲ್ಲ ಈ 2 ಕಿಲೋವಾಟಿನ ಆಸುಪಾಸು.

‘ಇನ್ವರ್ಟರ್ ಇದೆಯಲ್ಲ ಸಾರ್, ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ’ ಅನ್ನುತ್ತಾರೆ. ಇಲ್ಲಿ ಇನ್ವರ್ಟರ್ ಅಂದರೆ ಕರೆಂಟು ಹೋದಾಗ ಬಳಸುವ ಬ್ಯಾಟರಿಯದ್ದಲ್ಲ, ಶಾಖ ಸಾಗಿಸುವ ಅನಿಲವನ್ನು ಒತ್ತುವ ಕಂಪ್ರೆಸರ್‌ನ ವೇಗವನ್ನು ಏರಿಸಿ ಇಳಿಸುವ ಭಾಗ. ಮಾಡಿಕೊಳ್ಳುತ್ತದೆ, ಒಂದು ಮಿತಿಯವರೆಗೆ. 5 ಕಿಲೋವಾಟಿನ ಯಂತ್ರ, ಅಂದರೆ ಹೆಚ್ಚುಕಡಿಮೆ ಒಂದೂವರೆ ಟನ್ನಿನದು, 1.5 ಕಿಲೋವಾಟಿನವರೆಗೆ ಇಳಿಯುತ್ತದೆ ಅಂದುಕೊಳ್ಳಿ. 2 ಕಿಲೋವಾಟ್ ಕೇಳಿದ ದಿನ ಅದು ಸದ್ದಿಲ್ಲದೆ ಇಡೀ ದಿನ ಓಡುತ್ತದೆ. ಅದೇ ಪ್ರಮಾಣದಲ್ಲಿ 10 ಕಿಲೋವಾಟಿನದು, ಅಂದರೆ ಹೆಚ್ಚುಕಡಿಮೆ ಮೂರು ಟನ್ನಿನದು, 3ಕ್ಕಿಂತ ಕೆಳಗೆ ಇಳಿಯಲಾರದು. ಮನೆ ಕೇಳುವುದು 2, ಅದು ಕೊಡುವುದು 3. ಸ್ವಲ್ಪ ಹೊತ್ತು ಓಡುತ್ತದೆ, ಆಫ್ ಆಗುತ್ತದೆ. ಮತ್ತೆ ಆನ್, ಮತ್ತೆ ಆಫ್. ಪ್ರತಿ ಸಲ ಶುರುವಾದಾಗಲೂ ಒತ್ತಡ ಏರಿ ಹದಕ್ಕೆ ಬರುವವರೆಗೆ ಕರೆಂಟು ಹೋಗುತ್ತದೆ, ಶಾಖ ಅಷ್ಟಾಗಿ ಬರುವುದಿಲ್ಲ. ಕಂಪ್ರೆಸರ್ ಸವೆಯುವುದೂ ಈ ಆನ್ ಆಫ್‌ನಲ್ಲೇ ಜಾಸ್ತಿ. ಕಡಿಮೆ ವೇಗದಲ್ಲಿ ಓಡುವಾಗ ಹೀಟ್ ಪಂಪ್ ಕರೆಂಟು ಉಳಿಸುತ್ತದೆ ಅನ್ನುವುದು ನಿಜ. ನಿಮ್ಮ ಮೂರು ಟನ್ನಿನ ಯಂತ್ರಕ್ಕೆ ಆ ಕಡಿಮೆ ವೇಗದಲ್ಲಿ ಓಡುವ ಅವಕಾಶವೇ ಸಿಗುವುದಿಲ್ಲ, ಅದೇ ತಮಾಷೆ.

ಬೇಸಿಗೆಯಲ್ಲಿ ಇನ್ನೂ ಕಷ್ಟ. ತಂಪು ಮಾಡುವ ಯಂತ್ರ ಎರಡು ಕೆಲಸ ಮಾಡಬೇಕು. ಗಾಳಿಯ ಬಿಸಿ ಇಳಿಸಬೇಕು, ಜೊತೆಗೆ ತೇವ ತೆಗೆಯಬೇಕು. ಒಳಗಿನ ಕಾಯಿಲ್ (ಗಾಳಿ ಹಾದುಹೋಗುವ ಕೊಳವೆಗಳ ಸುರುಳಿ) ತಣ್ಣಗಾಗಿ, ಅದರ ಮೇಲೆ ನೀರು ಕೂಡಿ, ಹನಿಯಾಗಿ ಪೈಪಿಗೆ ಇಳಿಯಲು ಹಲವು ನಿಮಿಷ ಬೇಕು. ದೊಡ್ಡ ಯಂತ್ರ ಅಷ್ಟರೊಳಗೆ ಕೋಣೆಯನ್ನು ತಣ್ಣಗೆ ಮಾಡಿ ನಿಂತಿರುತ್ತದೆ. ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಕಾಯಿಲ್ ಮೇಲಿನ ನೀರು ಆವಿಯಾಗಿ ಮತ್ತೆ ಕೋಣೆಗೇ ಬರುತ್ತದೆ. ಥರ್ಮೋಸ್ಟಾಟ್ 24 ತೋರಿಸುತ್ತಿರುತ್ತದೆ, ಮೈ ಮಾತ್ರ ಅಂಟಂಟು. ‘ಯಾಕೋ ಸೆಕೆ ಹೋಗ್ತಾನೇ ಇಲ್ಲ’ ಅಂತ 20ಕ್ಕೆ ಇಳಿಸುತ್ತಾರೆ. ಆಮೇಲೆ ಹೊದಿಕೆ ಹುಡುಕುತ್ತಾರೆ. ‘ಇನ್ನೂ ದೊಡ್ಡದು ಹಾಕಿಸಬೇಕಿತ್ತು’ ಅಂತ ಹೇಳುವವರೂ ಇವರೇ!

ಹಾಗಾದರೆ ಹಾಕುವವರೇ ಯಾಕೆ ದೊಡ್ಡದು ಅನ್ನುತ್ತಾರೆ? ಕಾರಣ ಸರಳ. ಮನೆ ಬಿಸಿಯಾಗದಿದ್ದರೆ ಮಾರನೇ ದಿನವೇ ಫೋನ್ ಬರುತ್ತದೆ. ಯಂತ್ರ ದೊಡ್ಡದಾಯ್ತು ಅಂತ ಯಾರೂ ಫೋನ್ ಮಾಡುವುದಿಲ್ಲ. ಬಿಲ್ ನೋಡಿ ಬೈದುಕೊಂಡು ಸುಮ್ಮನಾಗುತ್ತಾರೆ, ಅಷ್ಟೇ. ‘ಇಷ್ಟು ಚದರಡಿಗೆ ಇಷ್ಟು ಟನ್’ ಅನ್ನುವ ಲೆಕ್ಕ ಹುಟ್ಟಿದ್ದೂ ಈ ಭಯದಿಂದಲೇ ಇರಬೇಕು. ಒಂದೇ ಚದರಡಿಯ ಎರಡು ಮನೆಗಳಲ್ಲಿ ಒಂದರ ಗೋಡೆ, ಮಾಡಿಗೆ ಚೆನ್ನಾಗಿ ಇನ್ಸುಲೇಷನ್ ಮಾಡಿ, ಕಿಟಕಿಗೆ ಎರಡು ಪದರದ ಗಾಜು ಹಾಕಿದ್ದರೆ ಅದಕ್ಕೆ ಬೇಕಾಗುವ ಶಾಖ ಇನ್ನೊಂದರ ಅರ್ಧವೂ ಇರದೆ ಹೋಗಬಹುದು. ಗೋಡೆ, ಮಾಡು, ಕಿಟಕಿ, ಗಾಳಿ ನುಸುಳುವ ಸಂದಿ, ಬಿಸಿಲು ಬೀಳುವ ದಿಕ್ಕು, ಇವನ್ನೆಲ್ಲ ನೋಡದೆ ಟನ್ ಹೇಳುವವರ ಲೆಕ್ಕವನ್ನು ನಂಬಬೇಡಿ. ನಿಮ್ಮ ಮನೆಗೆ ಬಂದವರು ನೋಡಿಯೇ ಹೇಳಿದ್ದಾರೆ ಅಂದರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮನೆಯವರ ಭಯದಲ್ಲಿ ಒಂದು ಸತ್ಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ಬಿಸಿ ಮಾಡುವ ಸಾಮರ್ಥ್ಯ ಸಾಮಾನ್ಯವಾಗಿ ಹೊರಗೆ 7 ಡಿಗ್ರಿ, ಒಳಗೆ 20 ಡಿಗ್ರಿ ಇದ್ದಾಗ ಅಳೆದದ್ದು. ಚಳಿ ಜಾಸ್ತಿಯಾದಂತೆ ಮನೆಗೆ ಬೇಕಾಗುವ ಶಾಖ ಏರುತ್ತದೆ, ಯಂತ್ರ ಕೊಡಬಲ್ಲದ್ದು ಇಳಿಯುತ್ತದೆ. ಬೇಕಾದಾಗಲೇ ಕೈ ಕೊಡುವ ಗೆಳೆಯನ ಹಾಗೆ. ಹಾಗಂತ ಟನ್ ಏರಿಸಿಬಿಡಬೇಡಿ. ತಯಾರಕರ ತಾಂತ್ರಿಕ ಪಟ್ಟಿಯಲ್ಲಿ ಮೈನಸ್ 7ಕ್ಕೆ ಎಷ್ಟು, ಮೈನಸ್ 15ಕ್ಕೆ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ನಿಮ್ಮಲ್ಲಿ ಬೀಳುವ ಅತಿ ಚಳಿಯ ಸಾಲನ್ನು ನೋಡಿ. ಅದೇ ಪಟ್ಟಿಯಲ್ಲಿ ಕನಿಷ್ಠ ಸಾಮರ್ಥ್ಯ ಅಂತಲೂ ಒಂದು ಸಾಲಿರುತ್ತದೆ, ಯಾರೂ ಕೇಳದ ಸಾಲು. ಮೊದಲ ಸಂಖ್ಯೆ ಸಾಕಷ್ಟು ದೊಡ್ಡದಿರಬೇಕು, ಎರಡನೆಯದು ಆದಷ್ಟು ಚಿಕ್ಕದಿರಬೇಕು. ಬಿಸಿಗೆ ಬೇಕಾದ ಸಾಮರ್ಥ್ಯಕ್ಕೂ ತಂಪಿಗೆ ಬೇಕಾದದ್ದಕ್ಕೂ ಅಜಗಜಾಂತರ ಇರುವ ಮನೆಗಳಲ್ಲಂತೂ ಈ ಎರಡನೆಯ ಸಂಖ್ಯೆಯೇ ಮುಖ್ಯ.

ಮಹಡಿ ಕಟ್ಟಿಸುವವರಿಗೆ: ಕಟ್ಟಿಸಿದ ಮೇಲೆ ಅದಕ್ಕೆ ಬೇರೆಯದೇ ಚಿಕ್ಕದೊಂದು ಹಾಕಿಸಿ.

ಚಳಿಯ ಮಾತು ಬಂದಿತಲ್ಲ, ನೀವು ಕೇಳದೇ ಇರುವ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ಮೊದಲ ಚಳಿಗಾಲದಲ್ಲಿ ಕೇಳೇ ಕೇಳುತ್ತೀರಿ. ಒಂದು ಬೆಳಗ್ಗೆ ಹೊರಗಿನ ಯೂನಿಟ್‌ನಿಂದ ಬಿಳಿ ಹೊಗೆ ಏಳುತ್ತದೆ. ಒಳಗೆ ಬಿಸಿ ಗಾಳಿ ನಿಂತಿರುತ್ತದೆ. ಯೂನಿಟ್ಟಿನ ಫ್ಯಾನ್ ಕೂಡ ನಿಂತು, ‘ಬುಸ್’ ಅಂತ ಒಂದು ಸದ್ದು ಬರುತ್ತದೆ. ಗಾಬರಿಯಾಗಿ ಮೇನ್ ಸ್ವಿಚ್ ಆರಿಸಬೇಡಿ. ಚಳಿಯಲ್ಲಿ ಶಾಖ ಹೀರುವಾಗ ಹೊರಗಿನ ಕಾಯಿಲ್ ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಕರಗಿಸಲು ಯಂತ್ರ ಅದೇ ನಾಲ್ಕು ದಾರಿಯ ವಾಲ್ವ್ ತಿರುಗಿಸಿ, ಕೆಲವು ನಿಮಿಷ ಬಿಸಿಯನ್ನು ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಆ ಬುಸ್ ಸದ್ದು ವಾಲ್ವಿನದು, ಹೊಗೆ ಬರೀ ನೀರಾವಿ. ಇದಕ್ಕೆ ಡಿಫ್ರಾಸ್ಟ್ ಅನ್ನುತ್ತಾರೆ. ಮೈ ಕೊರೆಯುವ ಒಣ ಚಳಿಗಿಂತ 0 ಡಿಗ್ರಿಯ ಆಸುಪಾಸಿನ ಒದ್ದೆ ಚಳಿಯಲ್ಲೇ ಇದು ಜಾಸ್ತಿ, ಯಾಕೆಂದರೆ ಆಗ ಗಾಳಿಯಲ್ಲಿ ತೇವ ಹೆಚ್ಚಿರುತ್ತದೆ.

ಕರಗಿದ ನೀರು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಈಗಲೇ ಯೋಚಿಸಿ. ಯೂನಿಟ್ಟನ್ನು ನೆಲಕ್ಕೆ ತಾಗಿಸಿ ಕೂರಿಸದೆ ಸ್ಟ್ಯಾಂಡ್ ಮೇಲೆ ಇಡಿಸಿ. ನೀವು ದಿನಾ ಓಡಾಡುವ ದಾರಿಯ ಪಕ್ಕದಲ್ಲಂತೂ ಬೇಡ. ಆ ನೀರು ರಾತ್ರಿ ಅಲ್ಲೇ ಹೆಪ್ಪುಗಟ್ಟಿ, ಬೆಳಗ್ಗೆ ಮೊದಲು ಬಾಗಿಲು ತೆರೆದು ಬಂದವರು ಜಾರಿ ಬೀಳುತ್ತಾರೆ.